ರಾಯನ ವೇಷಕ್ಕೊಂದು ಆಯವ್ಯಯ

ನವೆಂಬರ್ 1 ಸಮೀಪಿಸಿದಂತೆ ಹಿಂದೂಪುರ, ಕಲ್ಯಾಣದುರ್ಗ ಸೀಮೆಯ ಕನ್ನಡ ಮಾಧ್ಯಮದ ಮಕ್ಕಳು ಮನೆಗೆ ಒಂದು ಪ್ರಶ್ನೆಯನ್ನು ಹೊತ್ತು ತರುತ್ತಾರೆ: ಛದ್ಮವೇಷಕ್ಕೆ ಯಾರ ವೇಷ? 1956ರ ಅದೇ ದಿನ ವಿಶಾಲ ಮೈಸೂರೂ ಆಂಧ್ರಪ್ರದೇಶವೂ ಉದಯಿಸಿದುದರಿಂದ ಗಡಿಯ ಮಕ್ಕಳಿಗೆ ಅದು ಇಮ್ಮಡಿ ಹಬ್ಬ. ಹೆತ್ತವರಿಗೆ ಮಾತ್ರ ಕಾಲ ಅನುಕೂಲವಲ್ಲ. ಮಳೆಯನ್ನು ನಂಬಿ ಬಿತ್ತಿದ ಕಡಲೆಕಾಯಿಯನ್ನು ಕೀಳುವ ದಿನಗಳವು. ಫಸಲು ಕಣಕ್ಕೆ ಬಂದಿರುತ್ತದೆ, ಹಣ ಕೈಗೆ ಬಂದಿರುವುದಿಲ್ಲ. ವೇಷಕ್ಕೆ ಹಣವಿಲ್ಲವೆಂದು ಹೆಸರು ಹಿಂದೆಗೆದುಕೊಂಡ ಮಗು ಆ ದಿನ ಚಾಪೆಯ ಮೇಲೆ ಕುಳಿತು ಇತರರಿಗೆ ಚಪ್ಪಾಳೆ ತಟ್ಟುತ್ತದೆ.

ಬೆಂಗಳೂರಿನ ಕಾಮಿಕ್ ಕಾನ್ ಮೇಳಗಳಲ್ಲಿ ಯುವಕ ಯುವತಿಯರು ಚಿತ್ರಕಥೆಗಳ ಪಾತ್ರಗಳಂತೆ ವೇಷ ಧರಿಸಿ ಬರುತ್ತಾರೆ. ಜಪಾನಿನಲ್ಲಿ 1980ರ ದಶಕದಲ್ಲಿ ರೂಢಿಗೆ ಬಂದ ಹೆಸರಿನಿಂದ ಇದನ್ನು ಕಾಸ್‌ಪ್ಲೇ ಎನ್ನುತ್ತಾರೆ. ಹೆಸರು ಹೊಸದು, ಚಪಲ ಹಳೆಯದು. ಹಿಂದೂಪುರದ ಗಡಿಯಾಚೆ ಮಧುಗಿರಿ, ಪಾವಗಡದ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡುವ ರೈತರು ತಮ್ಮ ಪಾತ್ರಕ್ಕೆ ತಾವೇ ಹಣ ಕಟ್ಟುತ್ತಾರೆ. ದುರ್ಯೋಧನನಾಗಬೇಕೆಂದರೆ ಹೆಚ್ಚು, ಸೈನಿಕನಾದರೆ ಕಡಿಮೆ. ಪಾತ್ರ ಆರಿಸುವ ಮೊದಲೇ ಖರ್ಚು ತಿಳಿದಿರಬೇಕೆಂಬ ಪಾಠವನ್ನು ಅವರು ಎಂದೋ ಕಲಿತಿದ್ದಾರೆ.

ಮಕ್ಕಳು ಹೆಚ್ಚಾಗಿ ಬಯಸುವುದು ಶ್ರೀಕೃಷ್ಣದೇವರಾಯನ ವೇಷವನ್ನು. ಕನ್ನಡರಾಜ್ಯರಮಾರಮಣನೆಂಬ ಬಿರುದಿನ ಈ ದೊರೆ ತೆಲುಗಿನಲ್ಲಿ ‘ಆಮುಕ್ತಮಾಲ್ಯದ’ವನ್ನು ರಚಿಸಿದವನು, ಗಡಿನಾಡಿನ ವೇದಿಕೆಗೆ ಇವನಿಗಿಂತ ತಕ್ಕ ಅರಸನನ್ನು ಹುಡುಕುವುದು ಕಷ್ಟ. ಅವನ ವೇಷವೆಂದೊಡನೆ ಹೆತ್ತವರ ಕಣ್ಣಿಗೆ ಕಟ್ಟುವುದು ಸಿನಿಮಾದ ಮಖಮಲ್ಲಿನ ನಿಲುವಂಗಿ, ಕಲಾಬತ್ತಿನ ಅಂಚು, ಕಲ್ಲು ಪೋಣಿಸಿದ ಕಿರೀಟ. ಆದರೆ ತಿರುಮಲೆಯ ದೇವಾಲಯದಲ್ಲಿ ಇಬ್ಬರು ರಾಣಿಯರೊಡನೆ ಕೈಮುಗಿದು ನಿಂತಿರುವ ರಾಯನ ಲೋಹವಿಗ್ರಹವನ್ನು ನೋಡಿದವರಿಗೆ ತಿಳಿಯುತ್ತದೆ: ಅಲ್ಲಿ ನಿಲುವಂಗಿಯಿಲ್ಲ. ಬರಿಯ ಎದೆ, ಕೊರಳಲ್ಲಿ ಹಾರ, ಸೊಂಟದಲ್ಲಿ ಪಂಚೆ, ತಲೆಯ ಮೇಲೆ ಎತ್ತರದ ಕುಲ್ಲಾಯಿ. ಚರಿತ್ರೆಗೆ ನಿಷ್ಠವಾದ ವೇಷವೇ ಅಗ್ಗದ ವೇಷವೂ ಆಗುವುದು ಅಪರೂಪ, ಇಲ್ಲಿ ಹಾಗಾಗಿದೆ.

ಈ ಕುಲ್ಲಾಯಿಯ ಮಾದರಿಗೆ ದೂರ ಹೋಗಬೇಕಿಲ್ಲ. ಹಿಂದೂಪುರಕ್ಕೆ ಸುಮಾರು 15 ಕಿಲೋಮೀಟರಿನಲ್ಲಿರುವ ಲೇಪಾಕ್ಷಿಯ ವೀರಭದ್ರ ದೇವಾಲಯದ ಮೇಲ್ಛಾವಣಿಯ ಚಿತ್ರಗಳಲ್ಲಿ, 16ನೆಯ ಶತಮಾನದ ಪುರುಷರು ಇಂಥ ಟೊಪ್ಪಿಗೆಗಳನ್ನೇ ಧರಿಸಿದ್ದಾರೆ. ಸ್ತ್ರೀಯರ ಸೀರೆಗಳ ಪಟ್ಟೆ, ಚೌಕಳಿಗಳೂ ಸ್ಪಷ್ಟವಾಗಿವೆ. ತೆಲುಗು ಕವಿ ಶ್ರೀನಾಥನು ವಿಜಯನಗರದ ಆಸ್ಥಾನಕ್ಕೆ ಬಂದಾಗ ಈ ಕುಲ್ಲಾಯಿ ಧರಿಸಬೇಕಾಯಿತೆಂದು ಗೊಣಗಿದ ಚಾಟುಪದ್ಯವೊಂದು ಅವನ ಹೆಸರಿನಲ್ಲಿ ಪ್ರಚಲಿತವಾಗಿದೆ. ಆಂಧ್ರದ ಕನ್ನಡ ಶಾಲೆಯ ಬಾಲಕನಿಗೆ ಅಂಥ ದೂರು ಇರಲಾರದು.

ಹತ್ತು ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 21 ಅಂಗುಲ. ಅದಕ್ಕೆ ಒಂದು ಅಂಗುಲ ಸೇರಿಸಿ, ದಪ್ಪ ಡ್ರಾಯಿಂಗ್ ಹಾಳೆಯನ್ನು ಮೇಲ್ತುದಿ ಕಿರಿದಾಗುವಂತೆ ಸುರುಳಿ ಸುತ್ತಿ ಅಂಟಿಸಿದರೆ ಕುಲ್ಲಾಯಿಯ ಒಡಲು ಸಿದ್ಧ. ಹೊರಗೆ ಹೊದಿಸಲು ರವಿಕೆ ಕಣ ಸಾಕು. ತಾಂಬೂಲದೊಡನೆ ಬಂದು, ಹೊಲಿಸಲಾಗದೆ, ಕೊಡಲೂ ಆಗದೆ ಪೆಟ್ಟಿಗೆಯಲ್ಲಿ ಕುಳಿತ ಕಣಗಳಿಲ್ಲದ ಮನೆ ಈ ಸೀಮೆಯಲ್ಲಿ ಯಾವುದಿದೆ? ತಂದೆಯ ಪಂಚೆಯ ಮೇಲಂಚನ್ನು ಮಡಿಸಿ ಕಚ್ಚೆ ಹಾಕಿದರೆ ಮಗುವಿನ ಎತ್ತರಕ್ಕೆ ಹೊಂದುತ್ತದೆ. ನಾಟಕದ ಹಿರಿಯರು ನೆರೆಯಲ್ಲಿದ್ದರೆ ಹಾರ, ತೋಳ್ಬಂದಿಗಳನ್ನು ಎರವಲು ಕೇಳಬಹುದು. ಕಿರೀಟವನ್ನು ಕೇಳಬಾರದು, ಅದು ಬಾಲಕನ ಮೂಗಿನವರೆಗೆ ಇಳಿಯುತ್ತದೆ.

ಆದುದರಿಂದ ಲೆಕ್ಕವನ್ನು ಅಂಗಡಿಯಿಂದಲ್ಲ, ಮನೆಯ ಪೆಟ್ಟಿಗೆಯಿಂದ ಆರಂಭಿಸಬೇಕು. ಮನೆಯಲ್ಲಿರುವುದು, ಎರವಲು ಸಿಗುವುದು, ಮಾಡಿಕೊಳ್ಳಬಹುದಾದುದು ಇಷ್ಟನ್ನೂ ಬರೆದ ಮೇಲೆ ಉಳಿದುದೇ ಕೊಳ್ಳಬೇಕಾದುದು. 500 ರೂಪಾಯಿ ಮಿತಿ ಎಂದಿಟ್ಟುಕೊಳ್ಳೋಣ. ಕುಲ್ಲಾಯಿಯ ಹಾಳೆ, ಅಂಟು, ಜರಿಪಟ್ಟಿಗೆ 60, ಮಣಿಹಾರ, ಕಡಗಗಳಿಗೆ 150, ಹೊಲಿಗೆಗೆ 100, ಮುಖದ ಬಣ್ಣ, ಪಿನ್ನುಗಳಿಗೆ 40, ಪೇಟೆಯ ಬಸ್ಸಿಗೆ 50. ಒಟ್ಟು 400. ಉಳಿದ 100 ರೂಪಾಯಿಯನ್ನು ಮುಟ್ಟಬಾರದು; ವೇದಿಕೆ ಏರುವ ಬೆಳಿಗ್ಗೆ ಹಾರದ ದಾರ ಹರಿದರೆ ಅದು ಬೇಕಾಗುತ್ತದೆ. ಮೊತ್ತಗಳು ಊರಿಗೂ ಅಂಗಡಿಗೂ ತಕ್ಕಂತೆ ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

ಬಾಡಿಗೆಯ ವೇಷ ಸುಲಭವೆಂದು ತೋರಬಹುದು. ಹಿಂದೂಪುರ ಪಟ್ಟಣದೊಳಗಿನ ಕುಟುಂಬಕ್ಕೆ ಅದು ಒಪ್ಪುವ ಮಾತೇ. ಕಲ್ಯಾಣದುರ್ಗದ ಸುತ್ತಣ ಹಳ್ಳಿಯವರು ಮಾತ್ರ ಬಾಡಿಗೆಯ ಜೊತೆಗೆ ಮೂರು ವೆಚ್ಚಗಳನ್ನು ಬರೆದುಕೊಳ್ಳಬೇಕು: ಠೇವಣಿ, ತರಲು ಮತ್ತು ಹಿಂದಿರುಗಿಸಲು ಎರಡು ಸಲದ ಬಸ್ ಪ್ರಯಾಣ, ಕಡಲೆಕಾಯಿ ಕೀಳುವ ಕಾಲದಲ್ಲಿ ತಪ್ಪಿದ ಕೂಲಿ. ಈ ಕೊನೆಯದನ್ನು ಯಾರೂ ಬರೆಯುವುದಿಲ್ಲ. ಅನೇಕ ಮನೆಗಳಲ್ಲಿ ಅದೇ ಬಾಡಿಗೆಗಿಂತ ದೊಡ್ಡದು. ಸಂಜೆ ತಡವಾಗಿ ಮುಗಿದ ಕಾರ್ಯಕ್ರಮದಿಂದಾಗಿ ಎರಡನೆಯ ದಿನದ ಬಾಡಿಗೆ ಬೀಳುವುದೂ ಉಂಟು.

ಹೆಣ್ಣುಮಕ್ಕಳಿಗೆ ಕಿತ್ತೂರು ಚೆನ್ನಮ್ಮನೇ ಆಗಬೇಕೆಂದಿಲ್ಲ. ಅವಳಿಗೆ ಖಡ್ಗ, ಗುರಾಣಿ, ಒಡವೆ ಎಲ್ಲವೂ ಬೇಕು. 1779ರ ಸುಮಾರಿಗೆ ಹೈದರಾಲಿಯ ಸೈನಿಕರನ್ನು ಚಿತ್ರದುರ್ಗದ ಕಿಂಡಿಯಲ್ಲಿ ತಡೆದಳೆಂದು ಜನ ನೆನೆಯುವ ಓಬವ್ವನಿಗೆ ಅಜ್ಜಿಯ ಸೀರೆಯೊಂದು, ಒನಕೆಯೊಂದು ಸಾಕು. ಸೀರೆಯನ್ನು ಕತ್ತರಿಸದೆ ಮಡಿಸಿ, ದೂರದೂರಕ್ಕೆ ಕೈಹೊಲಿಗೆ ಹಾಕಿದರೆ ಮರುದಿನ ಬಿಚ್ಚಬಹುದು. ನಿಜವಾದ ಒನಕೆ ಮಗುವಿನ ಕೈಗೆ ಭಾರ. ಬಟ್ಟೆಯಂಗಡಿಯಲ್ಲಿ ಥಾನು ಸುತ್ತಿ ಬರುವ ರಟ್ಟಿನ ಕೊಳವೆಯನ್ನು ಕೇಳಿ ತಂದು, ಹಳೆಯ ಪತ್ರಿಕೆ ಅಂಟಿಸಿ ಕಂದು ಬಣ್ಣ ಬಳಿದರೆ ದೂರಕ್ಕೆ ಮರವೇ.

ಹೊಲಿಗೆಯ ಕೆಲಸವಿದ್ದರೆ ಅಕ್ಟೋಬರ್ ಮೊದಲ ವಾರದಲ್ಲೇ ದರ್ಜಿಯ ಬಳಿಗೆ ಹೋಗುವುದು ಒಳ್ಳೆಯದು. ದೀಪಾವಳಿಯ ಬಟ್ಟೆಗಳು ರಾಶಿ ಬಿದ್ದ ಮೇಲೆ ಅವರು ಮಕ್ಕಳ ವೇಷವನ್ನು ಮುಟ್ಟುವುದಿಲ್ಲ. ಮುಟ್ಟಿದರೂ ಹಬ್ಬದ ದರವನ್ನೇ ಕೇಳುತ್ತಾರೆ.