ಲಾರಿ ರೈಲು ಹತ್ತಿತು, ಕಾರು ಹತ್ತುತ್ತಾ?

ಶಿರವಾಡದಲ್ಲಿರೋ ಕಾರವಾರ ಸ್ಟೇಷನ್‌ನಲ್ಲಿ ರೈಲಿಗೆ ಕಾಯುವವರಿಗೆ ಇದು ಹೊಸದಲ್ಲ: ಗೂಡ್ಸ್ ರೈಲಿನ ಮೇಲೆ ಸಾಲಾಗಿ ಲಾರಿಗಳು, ಕ್ಯಾಬಿನ್‌ನಲ್ಲೇ ಆರಾಮಾಗಿ ಕೂತ ಡ್ರೈವರ್‌ಗಳು. ಇದು ಕೊಂಕಣ ರೈಲ್ವೆಯ ರೋ-ರೋ ಸೇವೆ. ಲಾರಿ ತಾನೇ ಓಡಿಕೊಂಡು ವ್ಯಾಗನ್ ಹತ್ತುತ್ತೆ, ಊರು ಬಂದಾಗ ಇಳಿದು ಹೋಗುತ್ತೆ. ಮಾಲೀಕರಿಗೆ ಡೀಸೆಲ್, ಟೈರ್ ಉಳಿತಾಯ.

1999ರಲ್ಲಿ ಶುರುವಾದಾಗ ಈ ಲಾರಿಗಳು ನಮ್ಮ ಕಡೆ ಬರ್ತಿರಲಿಲ್ಲ. ಹಳಿ ಮಂಗಳೂರಿನ ಹತ್ತಿರದವರೆಗೂ ಇತ್ತು, ಆದರೆ ಸೇವೆ ಇದ್ದದ್ದು ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ಣಾವರೆಗೆ ಮಾತ್ರ. ಸುರತ್ಕಲ್‌ವರೆಗೆ ವಿಸ್ತರಿಸಿದ್ದು 2004ರಲ್ಲಿ. ಹೀಗೆ ಹೊಸದನ್ನು ಮೊದಲು ಸಣ್ಣ ಜಾಗದಲ್ಲಿ ಮಾರಿ ನೋಡಿ, ಆಮೇಲೆ ಬೆಳೆಸೋದಕ್ಕೆ ಟೆಸ್ಟ್ ಮಾರ್ಕೆಟಿಂಗ್ ಅಂತಾರೆ.

ನಮ್ಮ ಲ್ಯಾಬ್ ಟೆಸ್ಟ್‌ಗೂ ಇದಕ್ಕೂ ಏನು ವ್ಯತ್ಯಾಸ? ವ್ಯಾಗನ್ ಭಾರ ತಡೆಯುತ್ತಾ, ಲಾರಿ ಸುರಂಗದಲ್ಲಿ ಹಿಡಿಸುತ್ತಾ ಅನ್ನೋದು ಇಂಜಿನಿಯರ್ ಪ್ರಶ್ನೆ. ಮಾಲೀಕ ಕೈಯಿಂದ ದುಡ್ಡು ಕೊಡ್ತಾನಾ, ಮುಂದಿನ ವಾರ ಮತ್ತೆ ಬರ್ತಾನಾ ಅನ್ನೋದು ಮಾರುಕಟ್ಟೆಯ ಪ್ರಶ್ನೆ. ಮೊದಲನೆಯದಕ್ಕೆ ಹೌದು ಅಂದ ಮಾತ್ರಕ್ಕೆ ಎರಡನೆಯದಕ್ಕೂ ಹೌದು ಅಂತ ಅಲ್ಲ.

ಇದಕ್ಕೆ ಒಳ್ಳೆ ಉದಾಹರಣೆಯೂ ರೋ-ರೋದಲ್ಲೇ ಇದೆ. 2025ರ ಜುಲೈನಲ್ಲಿ, ಗಣೇಶ ಚೌತಿ ಸಮಯಕ್ಕೆ ಅಂತ, ಕೊಂಕಣ ರೈಲ್ವೆ ಕಾರುಗಳಿಗೂ ರೋ-ರೋ ಘೋಷಿಸಿತು. ಮತ್ತೆ ಅದೇ ಕೋಲಾಡ್-ವೆರ್ಣಾ. ಒಂದು ಟ್ರಿಪ್‌ಗೆ 40 ಕಾರು, ಒಂದು ಕಾರಿಗೆ 7,875 ರೂಪಾಯಿ, ಜನರ ಟಿಕೆಟ್ ಬೇರೆ. 16ಕ್ಕಿಂತ ಕಡಿಮೆ ಬುಕಿಂಗ್ ಆದರೆ ಆ ಟ್ರಿಪ್ ರದ್ದು ಅಂತ ಮೊದಲೇ ಹೇಳಿದ್ದರು.

ಇದರಿಂದ ಮೂರು ವಿಷಯ ಕಲೀಬಹುದು. ಒಂದು, ಗಿರಾಕಿ ಬದಲಾದರೆ ಪರೀಕ್ಷೆ ಹೊಸದಾಗಿ ಮಾಡಬೇಕು. ಲಾರಿ ಮಾಲೀಕ ಲಾಭ ಲೆಕ್ಕ ಹಾಕ್ತಾನೆ; ಹಬ್ಬಕ್ಕೆ ಹೊರಟ ಕುಟುಂಬ ಸಮಯ, ಮಕ್ಕಳು, ದಾರಿಯ ಊಟ ಎಲ್ಲ ನೋಡುತ್ತೆ. ಎರಡು, ಎಷ್ಟು ಜನ ಬಂದರೆ ಮುಂದುವರಿಸೋದು ಅನ್ನೋ ಸಂಖ್ಯೆ ಮೊದಲೇ ಗೊತ್ತಿರಬೇಕು. ಆಮೇಲೆ ನಿರ್ಧರಿಸಿದರೆ ಬಂದ ಸಂಖ್ಯೆಯೇ ಸಾಕು ಅನ್ನಿಸಿಬಿಡುತ್ತೆ. ಮೂರು, ಹಬ್ಬದ ವಾರದ ಫಲಿತಾಂಶ ಹಬ್ಬಕ್ಕೆ ಮಾತ್ರ. ಮಾಮೂಲಿ ದಿನಗಳ ಬಗ್ಗೆ ಅದು ಏನೂ ಹೇಳಲ್ಲ.

ಈಗ ನಮ್ಮ ಪ್ರಾಜೆಕ್ಟ್‌ಗಳಿಗೆ ಬನ್ನಿ. ಮೀನು ಮಾರುವ ಹೆಂಗಸರಿಗಾಗಿ ಒಂದು ತಂಡ ಕೂಲಿಂಗ್ ಪೆಟ್ಟಿಗೆ ಮಾಡಿದೆ ಅಂದ್ಕೊಳ್ಳಿ. ಡೆಮೊದಲ್ಲಿ ಚೆನ್ನಾಗೇ ನಡೆಯಿತು. ಹಾಗಂತ ಕೂಡಲೇ ನೂರು ಪೆಟ್ಟಿಗೆ ಮಾಡಿಸಬೇಡಿ. ಕಾರವಾರ ಮಾರ್ಕೆಟ್‌ನಲ್ಲಿ ಐದು ಜನರಿಗೆ ಕೊಡಿ, ಫ್ರೀ ಬೇಡ, ಸ್ವಲ್ಪ ಬಾಡಿಗೆ ತಗೊಳ್ಳಿ. ಯಾರು ಎರಡನೇ ವಾರವೂ ಕೇಳ್ತಾರೆ ನೋಡಿ. ಜೂನ್-ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರೋದರಿಂದ ಆಗಿನ ಲೆಕ್ಕವನ್ನೇ ವರ್ಷಕ್ಕೆಲ್ಲ ಹಿಡಿಯಬೇಡಿ. ಅಂಕೋಲಾಕ್ಕೆ ಹೋದರೆ ಅಲ್ಲಿ ಮತ್ತೆ ಕೇಳಿ.

ಸಣ್ಣದಾಗಿ ಶುರು ಮಾಡೋದು ನಮ್ಮ ದುಡ್ಡು ಉಳಿಸೋಕೆ ಮಾತ್ರ ಅಲ್ಲ. ಪೆಟ್ಟಿಗೆ ಕೈಕೊಟ್ಟರೆ ನಮಗೆ ಹೋಗೋದು ಒಂದು ಡಿಸೈನ್, ಆ ಅಕ್ಕನಿಗೆ ಹೋಗೋದು ಅವತ್ತಿನ ಇಡೀ ದುಡಿಮೆ. ಐದು ಪೆಟ್ಟಿಗೆ ಆದರೆ ನಷ್ಟ ತುಂಬಿಕೊಡೋಕೆ ನಮ್ಮಿಂದಾಗುತ್ತೆ. ನೂರು ಆದರೆ ಆಗಲ್ಲ.