ಬೆಲ್ಹಾರ್‌ನಲ್ಲಿ ಹುಟ್ಟಿದ ವಿಶ್ವಾಸ ಘೋಷಣೆ

ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸವನ್ನು ಬಣ್ಣ ನೋಡದೆ ಎಲ್ಲರಿಗೂ ಒಟ್ಟಿಗೇ ಕೊಡಬೇಕು ಎಂದು ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ ಡಚ್ ರಿಫಾರ್ಮ್ಡ್ ಚರ್ಚಿನ ಮಹಾಸಭೆ ತೀರ್ಮಾನಿಸಿದ್ದು 1829ರಲ್ಲಿ. ಕೆಲವು ಬಿಳಿಯರಿಗೆ ಇದು ರುಚಿಸಲಿಲ್ಲ. ಗೊಣಗಾಟ ನಿಲ್ಲಲಿಲ್ಲ. 1857ರ ಮಹಾಸಭೆ ಮಣಿಯಿತು. ಕೂಡಿ ಆರಾಧಿಸುವುದೇ ವೇದಕ್ಕೆ ಒಪ್ಪುವ ದಾರಿ ಎಂದು ಹೇಳುತ್ತಲೇ, ‘ಕೆಲವರ ದೌರ್ಬಲ್ಯ’ದ ಕಾರಣಕ್ಕೆ ಬೇರೆ ಬೇರೆ ಆರಾಧನೆ ನಡೆಸಬಹುದು ಎಂದು ಅನುಮತಿ ಕೊಟ್ಟಿತು. ದುರ್ಬಲರು ಎನಿಸಿಕೊಂಡವರು ಯಾರು? ನೆರೆಯವನ ಪಕ್ಕ ಕೂರಲು ಒಪ್ಪದ ಬಿಳಿಯರು. ಬೆಲೆ ತೆತ್ತವರು ಮಾತ್ರ ಉಳಿದವರೆಲ್ಲ.

ರಿಯಾಯಿತಿ ಬೇಗನೆ ನಿಯಮವಾಯಿತು. 1881ರಲ್ಲಿ ಮಿಶ್ರ ಮೂಲದವರಿಗೆಂದು ಪ್ರತ್ಯೇಕ ಮಿಷನ್ ಚರ್ಚು ಬಂತು, ಆಮೇಲೆ ಕಪ್ಪು ಜನರಿಗೊಂದು. 1968ರಲ್ಲಿ ಭಾರತೀಯರಿಗೂ ಒಂದು ಬಂತು. ನಟಾಲ್‌ನ ಕಬ್ಬಿನ ತೋಟಗಳಿಗೆ 1860ರಿಂದ ಜೀತದ ಕರಾರಿನ ಮೇಲೆ ಮದ್ರಾಸ್, ಕಲ್ಕತ್ತಾಗಳಿಂದ ಹಡಗು ಹತ್ತಿದವರ ಸಂತತಿಯಲ್ಲಿ ಕ್ರೈಸ್ತರಾದವರಿಗೆ ದೇವರ ಮನೆಯಲ್ಲೂ ಬೇರೆ ಬಾಗಿಲು! 1948ರ ನಂತರ ಸರ್ಕಾರ ವರ್ಣಭೇದವನ್ನು ಕಾನೂನು ಮಾಡಿದಾಗ, ಬಿಳಿಯರ ಚರ್ಚಿನ ಪಂಡಿತರು, ದೇವರು ಜನರನ್ನು ಚದುರಿಸಿದ ಬೈಬಲಿನ ಬಾಬೆಲ್ ಗೋಪುರದ ಕಥೆಯಲ್ಲಿ ಅದಕ್ಕೆ ಸಮರ್ಥನೆ ಹುಡುಕಿದರು.

ಇದರ ವಿರುದ್ಧ ಎದ್ದು ನಿಂತವರೂ ಇದ್ದರು. ಬಿಳಿಯ ಸಭಾಪಾಲಕ ಬೇಯರ್ಸ್ ನೋಡೆ 1963ರಲ್ಲಿ ತಮ್ಮ ಪೀಠ ಬಿಟ್ಟು ಬಂದರು. 1977ರಲ್ಲಿ ಸರ್ಕಾರ ಅವರ ಮೇಲೆ ನಿರ್ಬಂಧ ಹೇರಿ ಬಾಯಿ ಕಟ್ಟಿತು.

1982ರ ಆಗಸ್ಟಿನಲ್ಲಿ ಕೆನಡಾದ ಒಟ್ಟಾವಾದಲ್ಲಿ ಸೇರಿದ ಜಾಗತಿಕ ರಿಫಾರ್ಮ್ಡ್ ಒಕ್ಕೂಟ ವರ್ಣಭೇದವನ್ನು ಪಾಪವೆಂದು ಸಾರಿತು. ಅದಕ್ಕೆ ದೇವಶಾಸ್ತ್ರದ ಸಮರ್ಥನೆ ಕೊಡುವುದು ಪಾಷಂಡ ಬೋಧನೆ ಎಂದಿತು. ಮಿಷನ್ ಚರ್ಚಿನ ಅಲನ್ ಬೂಸಾಕ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಎರಡೇ ತಿಂಗಳಲ್ಲಿ ಮಿಷನ್ ಚರ್ಚಿನ ಮಹಾಸಭೆ ಕೇಪ್‌ಟೌನ್ ಹೊರವಲಯದ ಬೆಲ್ಹಾರ್‌ನಲ್ಲಿ ಸೇರಿತು. ಮಿಶ್ರ ಮೂಲದವರಿಗೆಂದು ಮೀಸಲಿಟ್ಟ ಬಡಾವಣೆ ಅದು. ಅಲ್ಲಿ ವಿಶ್ವಾಸ ಘೋಷಣೆಯ ಕರಡು ಬರೆಯಲು ಕೂತವರಲ್ಲಿ ಬೂಸಾಕ್ ಜೊತೆ ಯಾಪ್ ಡ್ಯೂರಾಂಡ್, ಡರ್ಕಿ ಸ್ಮಿಟ್‌ರಂಥ ಬಿಳಿಯರೂ ಇದ್ದರು. ಸಭೆ ಒಂದೇ, ಕ್ರಿಸ್ತನಲ್ಲಿ ವೈರಕ್ಕೆ ಜಾಗವಿಲ್ಲ, ದೇವರು ಬಡವರ ಮತ್ತು ಅನ್ಯಾಯಕ್ಕೆ ಒಳಗಾದವರ ಪಕ್ಕದಲ್ಲಿ ನಿಲ್ಲುತ್ತಾನೆ, ಸಭೆಯೂ ಅಲ್ಲೇ ನಿಲ್ಲಬೇಕು: ಘೋಷಣೆಯ ಜೀವ ಇಷ್ಟು. ನನ್ನನ್ನು ಹೆಚ್ಚು ತಟ್ಟುವುದು ಅದರ ಜೊತೆಗಿಟ್ಟ ಪತ್ರ. ನಮ್ಮ ವಿರೋಧ ಸುಳ್ಳು ಬೋಧನೆಗೆ, ಯಾವುದೇ ವ್ಯಕ್ತಿಗಲ್ಲ ಎಂದು ಅದು ಹೇಳುತ್ತದೆ. ನೂರು ವರ್ಷ ಹೊರಗಿಟ್ಟವರನ್ನು ಹೊರಗಿಡಲ್ಪಟ್ಟವರೇ ಕೈಚಾಚಿ ಕರೆದರು. ಅಷ್ಟು ದೊಡ್ಡ ಮನಸ್ಸು ಸುಲಭಕ್ಕೆ ಬರುವುದಿಲ್ಲ.

1986ರಲ್ಲಿ ಘೋಷಣೆ ಅಧಿಕೃತವಾಯಿತು. 1994ರ ಏಪ್ರಿಲ್‌ನಲ್ಲಿ, ಮಂಡೇಲಾರನ್ನು ಗೆಲ್ಲಿಸಿದ ಚುನಾವಣೆಯ ತಿಂಗಳಲ್ಲೇ, ಮಿಷನ್ ಚರ್ಚು ಮತ್ತು ಕಪ್ಪು ಜನರ ಚರ್ಚು ಒಂದಾದವು. ಅಮೆರಿಕದ ರಿಫಾರ್ಮ್ಡ್ ಚರ್ಚು 2010ರಲ್ಲಿ, ಅಲ್ಲಿನ ದೊಡ್ಡ ಪ್ರೆಸ್ಬಿಟೀರಿಯನ್ ಚರ್ಚು 2016ರಲ್ಲಿ ಬೆಲ್ಹಾರ್ ಘೋಷಣೆಯನ್ನು ತಮ್ಮದಾಗಿಸಿಕೊಂಡವು.

ಬಿಳಿಯರ ಮೂಲ ಚರ್ಚು 1986ರಲ್ಲಿ ಎಲ್ಲ ವರ್ಣದವರಿಗೂ ಸದಸ್ಯತ್ವ ತೆರೆಯಿತು. ಆದರೆ ಬೆಲ್ಹಾರ್ ಘೋಷಣೆಯನ್ನು ಇಡೀ ಚರ್ಚಿನ ವಿಶ್ವಾಸವಾಗಿ ಸ್ವೀಕರಿಸಲು ಬೇಕಾದ ಬಹುಮತ 2015ರ ಸುಮಾರಿಗೆ ನಡೆದ ಮತದಾನದಲ್ಲೂ ಸಿಗಲಿಲ್ಲ. ಮೊದಲು ಒಪ್ಪಬೇಕಾದವರು ಅವರೇ.