ಉಚಿತ ಆರೋಗ್ಯ ಶಿಬಿರಕ್ಕೆ ದೇಣಿಗೆ ಕೊಡೋ ಮುನ್ನ: ವೈದ್ಯಕೀಯ ಸೇವಾ ಸಂಸ್ಥೆಗಳು ನಡೆಯೋದು ಹೇಗೆ?

ಹುಲಿಕಲ್: ನಮ್ಮಲ್ಲಿ ಯಾರಿಗಾದರೂ ತೀರಾ ಹುಷಾರು ತಪ್ಪಿದರೆ ಒಂದೋ ಘಾಟಿ ಇಳಿದು ಕುಂದಾಪುರ, ಮಣಿಪಾಲ, ಇಲ್ಲಾಂದ್ರೆ ಶಿವಮೊಗ್ಗ. ಹಾಗಾಗಿ ಉಚಿತ ಶಿಬಿರ ಅಂದ್ರೆ ಜನ ಸೇರ್ತಾರೆ, ಅಂಗಡಿಯವರು ದೇಣಿಗೆ ಕೊಡ್ತಾರೆ. ಆದರೆ ಶಿಬಿರ ಸಂಜೆಗೆ ಮುಗಿಯುತ್ತೆ. ಬಿಪಿ, ಶುಗರ್ ಮುಗಿಯಲ್ಲ.

ಊರಲ್ಲೇ ಉಳಿದು ಕೆಲಸ ಮಾಡೋ ಸಂಸ್ಥೆಗಳೂ ರಾಜ್ಯದಲ್ಲಿವೆ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಅವರದ್ದೇ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರದ ಹೊಣೆ ಹೊತ್ತಿತು. ಕಟ್ಟಡ, ಬಹುಪಾಲು ಖರ್ಚು ಸರ್ಕಾರದ್ದು. ಸಿಬ್ಬಂದಿ, ನಿರ್ವಹಣೆ ಟ್ರಸ್ಟಿನದು.

ಸೇವೆ ಅಂದ್ರೆ ಎಲ್ಲರೂ ಪುಕ್ಕಟೆ ದುಡೀತಾರೆ ಅಂತಲ್ಲ. 1971ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, 1999ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಎಂಎಸ್‌ಎಫ್ ಸಂಸ್ಥೆಯಲ್ಲೂ ಸಿಬ್ಬಂದಿಗೆ ಸಂಬಳ ಇದೆ. ಹೆಚ್ಚಿನವರು ಆಯಾ ದೇಶದವರೇ. ಹಣ ಬಹುಪಾಲು ಜನಸಾಮಾನ್ಯರ ದೇಣಿಗೆ.

ಹಾಗಾಗಿ ರಸೀದಿ ಪುಸ್ತಕ ಹಿಡಿದು ಬಂದವರಿಗೆ ಇಲ್ಲ ಅನ್ನೋದು ಬೇಡ, ಮೂರು ಮಾತು ಕೇಳಿ: ಸಂಸ್ಥೆ ನೋಂದಣಿ ಆಗಿದೆಯಾ? ಲೆಕ್ಕ ತೋರಿಸ್ತೀರಾ? ಕಾಯಿಲೆ ಗೊತ್ತಾದವರಿಗೆ ಮುಂದಿನ ತಿಂಗಳ ಮಾತ್ರೆ ಯಾರು ಕೊಡ್ತಾರೆ?

ಮೂರನೇದಕ್ಕೆ ಉತ್ತರ ಇದ್ದವರಿಗೆ ಧಾರಾಳವಾಗಿ ಕೊಡಿ.